‘ಇರಲಿಲ್ಲ’ ಎಂಬ ಕ್ರಿಯಾಪದ: ದನೀಲ್ ಖಾರ್ಮ್ಸ್‌ನ ಬರಹಗಳ ಜೊತೆ

ಕೆಲವು ತಿಂಗಳುಗಳಿಂದ ನಾನು ಒಂದು ಪುಟವನ್ನೂ ತುಂಬದ ಕಥೆಯೊಂದನ್ನು ಕನ್ನಡಕ್ಕೆ ತರಲು ಹೆಣಗುತ್ತಿದ್ದೇನೆ. ಅದನ್ನು ಕಥೆ ಎಂದು ಕರೆಯುವುದೂ ಕಷ್ಟವೇ. ಕೆಂಪು ಕೂದಲಿನ ಒಬ್ಬ ಮನುಷ್ಯನಿದ್ದ, ಅವನಿಗೆ ಕಣ್ಣುಗಳೂ ಕಿವಿಗಳೂ ಇರಲಿಲ್ಲ ಎಂದು ಅದು ಶುರುವಾಗುತ್ತದೆ. ಮರುಕ್ಷಣವೇ ಅವನಿಗೆ ಕೂದಲೂ ಇರಲಿಲ್ಲವೆಂದು, ಕೆಂಪು ಕೂದಲಿನವನೆಂದು ಕರೆದದ್ದು ಬರೀ ಮಾತಿಗೆಂದು ತಿಳಿಯುತ್ತದೆ. ಆಮೇಲೆ ಬಾಯಿ ಹೋಗುತ್ತದೆ, ಮೂಗು ಹೋಗುತ್ತದೆ, ಕೈಕಾಲು, ಹೊಟ್ಟೆ, ಬೆನ್ನು, ಬೆನ್ನುಮೂಳೆ, ಒಳಗಿನ ಅಂಗಾಂಗಗಳು ಒಂದೊಂದಾಗಿ ಹೋಗುತ್ತವೆ. ಕೊನೆಗೆ ಏನೂ ಉಳಿಯದೆ, ಯಾರ ವಿಷಯ ಹೇಳುತ್ತಿದ್ದೇವೆಂಬುದೇ ಅರ್ಥವಾಗದೆ, ಇವನ ಬಗ್ಗೆ ಇನ್ನು ಮಾತನಾಡದಿರುವುದೇ ಲೇಸೆಂದು ನಿರೂಪಕ ಸುಮ್ಮನಾಗುತ್ತಾನೆ. ಬರೆದವನು ರಷ್ಯನ್ ಬರಹಗಾರ ದನೀಲ್ ಖಾರ್ಮ್ಸ್. ಬರೆದದ್ದು 1937ರಲ್ಲಿ, ಲೆನಿನ್‌ಗ್ರಾದ್‌ನಲ್ಲಿ, ನೀಲಿ ನೋಟ್‌ಬುಕ್ಕೊಂದರ ಹತ್ತನೆಯ ಬರಹವಾಗಿ. ಅದರ ಅಂಚಿನಲ್ಲಿ, ಜರ್ಮನ್ ದಾರ್ಶನಿಕನನ್ನು ಹೆಸರಿಸಿ, ‘ಕಾಂಟ್‌ಗೆ ವಿರುದ್ಧವಾಗಿ’ ಎಂಬ ಪುಟ್ಟ ಟಿಪ್ಪಣಿಯಿದೆ.

ಇಂಗ್ಲಿಷ್ ಅನುವಾದಗಳನ್ನು ಎದುರಿಗಿಟ್ಟುಕೊಂಡು, ರಷ್ಯನ್ ಮೂಲವನ್ನು ನಿಘಂಟಿನ ನೆರವಿನಿಂದ ಪದಪದವಾಗಿ ಕೂಡಿಸಿ ಓದುವ ನನಗೆ, ಇಷ್ಟು ಸರಳವಾದ ವಾಕ್ಯಗಳು ತೊಂದರೆ ಕೊಡಬಹುದೆಂದು ಮೊದಲು ಹೊಳೆದಿರಲಿಲ್ಲ. ತೊಂದರೆ ಇರುವುದು ವಾಕ್ಯದ ಕೊನೆಯಲ್ಲಿ. ಕನ್ನಡದಲ್ಲಿ ಇಲ್ಲವೆಂಬ ಮಾತು ಕಟ್ಟಕಡೆಗೆ ಬರುತ್ತದೆ. ‘ಅವನಿಗೆ ಮೂಗು’ ಎಂದೊಡನೆ ಓದುವವನ ಕಣ್ಣೆದುರು ಮೂಗೊಂದು ಮೂಡುತ್ತದೆ, ‘ಇರಲಿಲ್ಲ’ ಎಂದ ಮೇಲೆ ಅದು ಅಳಿಯುತ್ತದೆ. ಮೂಲದಲ್ಲಿ ಖಾರ್ಮ್ಸ್ ಎರಡೂ ಬಗೆಯ ಕ್ರಮಗಳನ್ನು ಬಳಸಿದ್ದಾನೆ. ಮೊದಲ ವಾಕ್ಯಗಳಲ್ಲಿ ‘ಇರಲಿಲ್ಲ’ ಮೊದಲು ಬಂದು ಕಣ್ಣು, ಕಿವಿ, ಕೂದಲು ಹಿಂದೆ ಬರುತ್ತವೆ. ಅಲ್ಲಿ ಯಾವುದೂ ಮೂಡುವುದೇ ಇಲ್ಲ, ಮೂಡುವ ಮೊದಲೇ ನಿರಾಕರಣೆ ಬಂದು ಕೂತಿರುತ್ತದೆ. ಮೂಗಿನ ವಿಷಯಕ್ಕೆ ಬಂದಾಗ ಅವನು ವಾಕ್ಯವನ್ನು ತಿರುಗಿಸುತ್ತಾನೆ. ಮೂಗು ಮೊದಲು, ಇಲ್ಲವೆಂಬುದು ಕೊನೆಗೆ. ಹೊಟ್ಟೆ, ಬೆನ್ನು, ಬೆನ್ನುಮೂಳೆಗಳೂ ಹಾಗೆಯೇ ಬಂದು ಹೋಗುತ್ತವೆ. ಅಂದರೆ ಇಷ್ಟು ಚಿಕ್ಕ ಬರಹದ ನಡುವೆ ಒಂದು ತಿರುವಿದೆ, ಶೂನ್ಯದ ವೇಗ ಅಲ್ಲಿ ಬದಲಾಗುತ್ತದೆ. ನನ್ನ ಕನ್ನಡಕ್ಕೆ ಆ ತಿರುವು ದಕ್ಕುತ್ತಿಲ್ಲ. ಎಲ್ಲ ಅಂಗಗಳೂ ಒಂದೇ ಲಯದಲ್ಲಿ ಮೂಡಿ ಅಳಿಯುತ್ತಿವೆ. ಅದೂ ಒಂದು ಬಗೆಯಲ್ಲಿ ಭಯಂಕರವಾಗಿ ಕೇಳುತ್ತದೆ ನಿಜ, ಆದರೆ ಅದು ಅವನು ಬರೆದ ಭಯವಲ್ಲ.

ಈ ಸಣ್ಣ ಪೇಚಾಟವೇ ಖಾರ್ಮ್ಸ್ ಎಂಥ ಬರಹಗಾರ ಎಂಬುದನ್ನು ನನಗೆ ಕಲಿಸಿತು. ‘ಅಸಂಗತ’ ಎಂಬ ನಮ್ಮ ಪದದಲ್ಲಿ ಒಂದಕ್ಕೊಂದು ಸೇರದಿರುವಿಕೆಯ ಅರ್ಥವಿದೆ. ಅದರಿಂದಾಗಿ ಅಸಂಗತ ಬರಹವೆಂದರೆ ಮನಸ್ಸಿಗೆ ತೋಚಿದ್ದನ್ನೆಲ್ಲ ಸೇರಿಸಿದ್ದು, ಅಲ್ಲಿ ಯಾವ ವಾಕ್ಯ ಎಲ್ಲಿ ಬಂದರೂ ನಡೆಯುತ್ತದೆ ಎಂಬ ಭಾವನೆ ಓದುಗರಲ್ಲಿ ಬೇರೂರಿದೆ. ಖಾರ್ಮ್ಸ್‌ನ ಒಂದೇ ಒಂದು ಪುಟವನ್ನು ಪ್ರಾಮಾಣಿಕವಾಗಿ ಅನುವಾದಿಸಲು ಕೂತರೆ ಈ ಭಾವನೆ ಉಳಿಯುವುದಿಲ್ಲ. ಅಲ್ಲಿ ಒಂದು ‘ಸಹ’ವನ್ನು ತೆಗೆದರೆ ಬರಹವೇ ಕುಸಿಯುತ್ತದೆ. ಛಂದಸ್ಸಿಗೆ ಬದ್ಧನಾದ ಕವಿಯಲ್ಲಿ ಮಾತ್ರ ನಾವು ನಿರೀಕ್ಷಿಸುವಂಥ ಬಿಗಿ ಅದು.

ಅವನ ಬದುಕಿನ ಹೊರರೇಖೆ ಹೀಗಿದೆ. 1905ರ ಡಿಸೆಂಬರ್ ಕೊನೆಯಲ್ಲಿ ಮುಂದೆ ಲೆನಿನ್‌ಗ್ರಾದ್ ಎಂದು ಹೆಸರಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ. ಮನೆತನದ ಹೆಸರು ಯುವಚೋವ್. ತಂದೆ ಝಾರ್ ಆಡಳಿತದ ವಿರುದ್ಧ ನಿಂತ ಕ್ರಾಂತಿಕಾರಿ ಗುಂಪಿಗೆ ಸೇರಿದವರಾಗಿದ್ದು, ಶ್ಲಿಸೆಲ್‌ಬರ್ಗ್ ಕೋಟೆಯ ಸೆರೆಮನೆ ಮತ್ತು ಸಖಾಲಿನ್ ದ್ವೀಪದ ಗಡಿಪಾರು ಎರಡನ್ನೂ ಕಂಡು, ಮುಂದೆ ಧಾರ್ಮಿಕ ಬರಹಗಳ ಕಡೆ ತಿರುಗಿದವರು. ಮಗ ಜರ್ಮನ್ ಶಾಲೆಯಲ್ಲಿ ಓದಿ, ಹದಿಹರೆಯದಲ್ಲೇ ‘ಖಾರ್ಮ್ಸ್’ ಎಂಬ ಹೆಸರನ್ನು ತಾನೇ ಇಟ್ಟುಕೊಂಡ. ಆ ಹೆಸರಿನ ಮೂಲದ ಬಗ್ಗೆ ಬಗೆಬಗೆಯ ಊಹೆಗಳಿವೆ. ಇಂಗ್ಲಿಷಿನ ಮೋಹ ಮತ್ತು ಕೇಡು ಎಂಬ ಎರಡು ಪದಗಳೂ ಅದರಲ್ಲಿ ಕೇಳಿಸುತ್ತವೆಂದು ಹೇಳುವವರುಂಟು, ಷರ್ಲಾಕ್ ಹೋಮ್ಸ್‌ನನ್ನು ಕಾಣುವವರೂ ಉಂಟು. ಬಾಯಲ್ಲಿ ಪೈಪು, ಗಿಡ್ಡ ಷರಾಯಿ, ವಿಚಿತ್ರ ಟೋಪಿಯ ಅವನ ಚಿತ್ರಗಳು ಇಂದು ಅವನ ಬರಹಗಳಿಗಿಂತ ಹೆಚ್ಚು ಪರಿಚಿತವಾಗಿಬಿಟ್ಟಿವೆ. ನನಗೆ ಅದರಿಂದ ಸ್ವಲ್ಪ ಬೇಸರವಿದೆ. ವೇಷದ ವಿಚಿತ್ರವನ್ನು ನೋಡಿದವರು ವಾಕ್ಯದ ಶಿಸ್ತನ್ನು ನೋಡದೆ ಹೋಗುತ್ತಾರೆ.

1927ರ ಕೊನೆಯ ಹೊತ್ತಿಗೆ ಖಾರ್ಮ್ಸ್, ಅಲೆಕ್ಸಾಂದರ್ ವ್ವೆದೆನ್‌ಸ್ಕಿ, ನಿಕೊಲಾಯ್ ಜಬೊಲೋತ್‌ಸ್ಕಿ, ಇಗೊರ್ ಬಖ್ತೆರೆವ್ ಮುಂತಾದ ಎಳೆಯರು ಸೇರಿ ‘ಒಬೆರಿಯು’ ಎಂಬ ಕೂಟವನ್ನು ಕಟ್ಟಿಕೊಂಡಿದ್ದರು. ‘ನೈಜ ಕಲೆಯ ಸಂಘ’ ಎಂಬರ್ಥದ ರಷ್ಯನ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಅದು. ಕೊನೆಯ ‘ಉ’ಕಾರವನ್ನು ಆಟಕ್ಕೆಂದು ಅಂಟಿಸಿದ್ದು. ಇಲ್ಲಿ ಗಮನಿಸಬೇಕಾದದ್ದು ‘ನೈಜ’ ಎಂಬ ಮಾತು. ಅವರು ತಮ್ಮನ್ನು ಅಸಂಗತರೆಂದು ಕರೆದುಕೊಳ್ಳಲಿಲ್ಲ. ವಸ್ತುವಿನ ಮೇಲೆ ಹಳೆಯ ಸಾಹಿತ್ಯ ಪೇರಿಸಿದ ಸಿಪ್ಪೆಯನ್ನು ಸುಲಿದು ಅದನ್ನು ಬರಿಗಣ್ಣಿನಿಂದ ನೋಡಬೇಕೆಂಬುದು ಅವರ ಪ್ರಣಾಳಿಕೆಯ ತಿರುಳು. ಕಲೆಗೆ ತನ್ನದೇ ಆದ ತರ್ಕವಿದೆ, ಆ ತರ್ಕ ವಸ್ತುವನ್ನು ಹಾಳುಮಾಡುವುದಿಲ್ಲ, ಅದನ್ನು ಅರಿಯಲು ನೆರವಾಗುತ್ತದೆ ಎಂದು ಅವರು ವಾದಿಸಿದರು. ಕನ್ನಡದ ಓದುಗರಾದ ನಾವು ಅಸಂಗತ ನಾಟಕವನ್ನು ಬೆಕೆಟ್ ಮತ್ತು ಅಯೊನೆಸ್ಕೊ ಅವರ ಮೂಲಕ ಅರಿತವರು. ಜೀವನಕ್ಕೆ ಅರ್ಥವಿಲ್ಲವೆಂಬ ಯುದ್ಧೋತ್ತರ ಯುರೋಪಿನ ಹತಾಶೆಯನ್ನು ಆ ಪದದ ಜೊತೆಗೇ ಪಡೆದುಕೊಂಡವರು. ಆ ಹತಾಶೆಯನ್ನು ಇಪ್ಪತ್ತರ ದಶಕದ ಈ ಲೆನಿನ್‌ಗ್ರಾದ್ ಹುಡುಗರ ಮೇಲೆ ಹೊರಿಸಿದರೆ ಅವರ ಬರಹದ ಉಲ್ಲಾಸವೇ ಕಾಣದೆ ಹೋಗುತ್ತದೆ.

1928ರ ಜನವರಿ 24ರಂದು ಲೆನಿನ್‌ಗ್ರಾದ್‌ನ ಪತ್ರಿಕಾ ಭವನದಲ್ಲಿ ಅವರು ‘ಮೂರು ಎಡ ಗಂಟೆಗಳು’ ಎಂಬ ಕಾರ್ಯಕ್ರಮವನ್ನು ನಡೆಸಿದರು. ಮೊದಲ ಗಂಟೆ ಕವಿತಾವಾಚನಕ್ಕೆ, ಎರಡನೆಯದು ನಾಟಕಕ್ಕೆ, ಮೂರನೆಯದು ಗೆಳೆಯರಿಬ್ಬರು ತಯಾರಿಸಿದ ಚಲನಚಿತ್ರಕ್ಕೆ. ‘ಕಲೆಯೆಂದರೆ ಒಂದು ಕಪಾಟು’ ಎಂಬುದು ಅವರ ಘೋಷವಾಕ್ಯಗಳಲ್ಲೊಂದಾಗಿತ್ತು. ಖಾರ್ಮ್ಸ್ ನಿಜವಾಗಿಯೂ ರಂಗದ ಮೇಲೆ ತಂದ ಕಪಾಟೊಂದರ ಮೇಲಿನಿಂದ ತನ್ನ ಕವಿತೆಗಳನ್ನು ಓದಿದ. ಎರಡನೆಯ ಗಂಟೆಯಲ್ಲಿ ಆಡಿದ್ದು ಅವನ ‘ಎಲಿಜವೆತಾ ಬಾಮ್’, ಹಿಂದಿನ ತಿಂಗಳಷ್ಟೇ ಬರೆದು ಮುಗಿಸಿದ್ದ ನಾಟಕ. ಬೆಕೆಟ್‌ನ ನಾಟಕದಲ್ಲಿ ಗೊಡೋನಿಗಾಗಿ ಕಾಯುವ ಆ ಇಬ್ಬರು ಅಲೆಮಾರಿಗಳು ಪ್ಯಾರಿಸ್‌ನ ರಂಗಕ್ಕೆ ಬರಲು ಇನ್ನೂ 25 ವರ್ಷಗಳಿದ್ದವು. ಈ ಲೆಕ್ಕವನ್ನು ಹಿರಿಮೆಗಾಗಿ ಹೇಳುತ್ತಿಲ್ಲ. ಪ್ಯಾರಿಸ್ಸಿನ ನಾಟಕಕಾರರು ಬರೆಯುತ್ತಿದ್ದ ಕಾಲಕ್ಕೆ ಖಾರ್ಮ್ಸ್‌ನ ನಾಟಕ ಹಸ್ತಪ್ರತಿಯಾಗಿ ಕತ್ತಲಲ್ಲಿ ಬಿದ್ದಿತ್ತು, ಒಬ್ಬರು ಇನ್ನೊಬ್ಬರಿಂದ ಕಲಿಯುವ ಮಾತೇ ಇರಲಿಲ್ಲ. ಆದ್ದರಿಂದ ಅವನನ್ನು ಯಾರದೋ ಪೂರ್ವಸೂರಿಯೆಂದು ಕರೆದು ಮುಂದೆ ಸಾಗುವುದಕ್ಕಿಂತ, ಆ ನಾಟಕದೊಳಗೆ ಏನಿದೆಯೆಂದು ನೋಡುವುದು ಒಳ್ಳೆಯದು.

ಒಂದು ಕೋಣೆ. ಅಲ್ಲಿ ಎಲಿಜವೆತಾ ಬಾಮ್ ಎಂಬ ಹೆಂಗಸು ಒಬ್ಬಳೇ ಇದ್ದಾಳೆ. ಯಾವ ಕ್ಷಣದಲ್ಲಾದರೂ ಬಾಗಿಲು ತೆರೆದು ಅವರು ಒಳಗೆ ಬರುತ್ತಾರೆ, ತನ್ನನ್ನು ಹಿಡಿದು ಭೂಮಿಯ ಮೇಲಿಂದ ಅಳಿಸಿಹಾಕುತ್ತಾರೆ ಎಂದು ಅವಳಿಗೆ ಗೊತ್ತು. ತಾನು ಮಾಡಿದ ತಪ್ಪೇನೆಂದು ಮಾತ್ರ ಗೊತ್ತಿಲ್ಲ. ಬಾಗಿಲಾಚೆ ಎರಡು ಗಂಡುದನಿಗಳು ಕೇಳುತ್ತವೆ. ಪ್ಯೋತರ್ ನಿಕೊಲಾಯೆವಿಚ್ ಮತ್ತು ಇವಾನ್ ಇವಾನೊವಿಚ್ ಬಂದಿದ್ದಾರೆ, ಅವಳಿಗೆ ಕಠಿಣ ಶಿಕ್ಷೆ ಕಾದಿದೆಯೆಂದು ಹೇಳುತ್ತಾರೆ. ಇಷ್ಟು ಹೊತ್ತಿಗೆ ನೋಡುಗನ ಕುತ್ತಿಗೆ ಬಿಗಿದಿರುತ್ತದೆ. ಅಷ್ಟರಲ್ಲಿ ಬಂದವರಿಬ್ಬರೂ ತಮ್ಮತಮ್ಮಲ್ಲೇ ಜಗಳಕ್ಕಿಳಿಯುತ್ತಾರೆ, ಭಯ ಪ್ರಹಸನವಾಗುತ್ತದೆ, ಪ್ರಹಸನ ಜಾದೂ ಪ್ರದರ್ಶನವಾಗುತ್ತದೆ, ಅಪ್ಪ ಅಮ್ಮ ಬರುತ್ತಾರೆ, ಮಾತು ಹಾಡಾಗುತ್ತದೆ, ಹಾಡು ಅರ್ಥವಿಲ್ಲದ ಸದ್ದಾಗುತ್ತದೆ. ನಾಟಕದಲ್ಲಿ 19 ತುಣುಕುಗಳಿವೆ, ರಂಗಪ್ರತಿಯಲ್ಲಿ ಪ್ರತಿಯೊಂದಕ್ಕೂ ಅದು ಯಾವ ಪ್ರಕಾರದ್ದೆಂಬ ಹಣೆಪಟ್ಟಿಯಿದೆ. ಒಂದು ವಾಸ್ತವವಾದಿ ಮೆಲೊಡ್ರಾಮಾ, ಮತ್ತೊಂದು ಮನೆವಾರ್ತೆಯ ಹಾಸ್ಯ, ಇನ್ನೊಂದು ಬರೀ ಲಯ. ಅಪ್ಪನಿಗೂ ಪ್ಯೋತರ್‌ನಿಗೂ ಹಳೆಯ ವೀರಗಾಥೆಗಳ ಧಾಟಿಯಲ್ಲಿ ದ್ವಂದ್ವಯುದ್ಧ ನಡೆದು ಪ್ಯೋತರ್ ಬೀಳುತ್ತಾನೆ. ಕೊನೆಯಲ್ಲಿ ಮೊದಲಿನ ಕೋಣೆ, ಮೊದಲಿನ ಬಾಗಿಲು, ಮೊದಲಿನ ದನಿಗಳು. ಪ್ಯೋತರ್ ನಿಕೊಲಾಯೆವಿಚ್‌ನನ್ನು ಕೊಂದ ಆರೋಪದ ಮೇಲೆ ಎಲಿಜವೆತಾಳನ್ನು ಹಿಡಿದೊಯ್ಯುತ್ತಾರೆ. ಹಿಡಿಯಲು ಬಂದವರಲ್ಲಿ ಸ್ವತಃ ಆ ಪ್ಯೋತರ್ ನಿಕೊಲಾಯೆವಿಚ್ ಇದ್ದಾನೆ.

ಸ್ಟಾಲಿನ್ ಕಾಲದ ಇತಿಹಾಸ ತಿಳಿದ ನಮಗೆ ಇದನ್ನು ಓದಿದೊಡನೆ ನಡುರಾತ್ರಿ ಬಾಗಿಲು ಬಡಿಯುವ ಸದ್ದು ಕೇಳಿಸುತ್ತದೆ. ಮಾಡದ ತಪ್ಪಿಗೆ ಬಂಧನ, ಮೊದಲೇ ನಿಶ್ಚಯವಾದ ಶಿಕ್ಷೆ, ಜೀವಂತವಿರುವ ‘ಹತ’. 1937ರ ರಷ್ಯಾ ಇದರಲ್ಲಿ ಇಡಿಯಾಗಿ ಕಾಣುತ್ತದೆ. ಆದರೆ ನಾಟಕ ಬರೆದದ್ದು 1927ರ ಡಿಸೆಂಬರ್‌ನಲ್ಲಿ. ಸಾಮೂಹಿಕ ಬಂಧನ, ಹತ್ಯೆಗಳ ಮಹಾಭೀತಿಗೆ ಹತ್ತು ವರ್ಷ ಮೊದಲು, ಅವನ ಮೊದಲ ಬಂಧನಕ್ಕೇ ನಾಲ್ಕು ವರ್ಷ ಮೊದಲು. ಅವನನ್ನು ಭವಿಷ್ಯ ನುಡಿದವನನ್ನಾಗಿ ಮಾಡುವುದು ಸುಲಭ, ಅನೇಕರು ಮಾಡಿಯೂ ಇದ್ದಾರೆ. ಹಾಗೆ ಓದಿದಾಗ ನಾಟಕದ ಮೊದಲ ಮತ್ತು ಕೊನೆಯ ತುಣುಕುಗಳಷ್ಟೇ ಉಳಿದು, ನಡುವಿನ 17 ತುಣುಕುಗಳ ಜಾದೂ, ಹಾಡು, ಓಟ, ಲಯಗಳೆಲ್ಲ ಅನವಶ್ಯಕ ಅಲಂಕಾರಗಳಾಗುತ್ತವೆ ಎಂಬುದೇ ನನ್ನ ತಕರಾರು. ಬರಹಗಾರ ತನ್ನ ಶ್ರಮದ ಬಹುಭಾಗವನ್ನು ಸುರಿದಿರುವುದು ಆ ನಡುವಿನ ಭಾಗಕ್ಕೆ. ಒಂದು ಪ್ರಕಾರದ ನಾಟಕ ಇನ್ನೊಂದಾಗಿ ಮಾರ್ಪಡುವ ಗಳಿಗೆಯಲ್ಲಿ ಪಾತ್ರಗಳಿಗೆ ಏನಾಗುತ್ತದೆ, ಅದೇ ಹೆಸರು ಅದೇ ಮೈ ಇದ್ದರೂ ಅವರು ಅವರೇ ಆಗಿರುತ್ತಾರೆಯೇ ಎಂಬುದು ಅವನ ಪ್ರಶ್ನೆ.

ಅನುವಾದಕನಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಆರಂಭದ ಒಂದು ಮಾತು. ಬಾಗಿಲಾಚೆಯವರು ಎಲಿಜವೆತಾಳಿಗೆ ಯಾವ ದನಿಯೂ ಉಳಿದಿಲ್ಲ, ಅದನ್ನು ಕಿತ್ತುಕೊಳ್ಳಲಾಗಿದೆ ಎಂಬರ್ಥದ ಮಾತನ್ನು ಹೇಳುತ್ತಾರೆ. ರಷ್ಯನ್ನಿನಲ್ಲಿ ದನಿಗೂ ಚುನಾವಣೆಯ ಮತಕ್ಕೂ ‘ಗೊಲೊಸ್’ ಎಂಬ ಒಂದೇ ಪದ. ಕ್ರಾಂತಿಯ ನಂತರದ ಸೋವಿಯತ್ ಕಾನೂನು ಪಾದ್ರಿಗಳು, ಖಾಸಗಿ ವ್ಯಾಪಾರಿಗಳು, ಹಳೆಯ ಪೊಲೀಸರು ಮುಂತಾದವರಿಂದ ಮತದಾನದ ಹಕ್ಕನ್ನು ಕಸಿದುಕೊಂಡಿತ್ತು, ಅಂಥವರನ್ನು ಕರೆಯಲು ಒಂದು ಹೆಸರೇ ಬಳಕೆಯಲ್ಲಿತ್ತು. 1928ರ ಪ್ರೇಕ್ಷಕನಿಗೆ ಆ ಸರಕಾರಿ ನುಡಿಗಟ್ಟು ತಕ್ಷಣ ಕಿವಿಗೆ ಬಿದ್ದಿರಬೇಕು. ಎಲಿಜವೆತಾ ಅದನ್ನು ಅಕ್ಷರಶಃ ತೆಗೆದುಕೊಂಡು, ತನಗೆ ದನಿಯಿದೆ, ಬೇಕಾದರೆ ಗಡಿಯಾರ ನೋಡಿ ಪರೀಕ್ಷಿಸಿಕೊಳ್ಳಬಹುದು ಎನ್ನುತ್ತಾಳೆ. ನಾನು ‘ದನಿ ಎತ್ತುವ ಹಕ್ಕು’ ಎಂದು ಬರೆದು ನೋಡಿದೆ. ಹಕ್ಕು ಬಂತು, ದನಿಯೂ ಬಂತು, ಮತಪೆಟ್ಟಿಗೆ ಬರಲಿಲ್ಲ. ಇನ್ನೊಂದು ಆಯ್ಕೆಯಲ್ಲಿ ಮಾತ್ರ ಕನ್ನಡ ನನ್ನ ಕೈ ಹಿಡಿಯಿತು. ಮೂಲದಲ್ಲಿ ಹಿಡಿಯಲು ಬಂದವರು ಅವಳನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆ. ‘ಬಾಗಿಲು ತೆಗೆಯಿರಿ’ ಎಂಬ ಕನ್ನಡದ ಗೌರವಪೂರ್ವಕ ಕ್ರಿಯಾರೂಪ ಅಳಿಸಿಹಾಕಲು ಬಂದವರ ಬಾಯಲ್ಲಿ ಎಷ್ಟು ತಣ್ಣಗೆ ಕೇಳುತ್ತದೆಂದರೆ, ಗಟ್ಟಿಯಾಗಿ ಓದುವಾಗಲೆಲ್ಲ ನನ್ನ ದನಿ ತಾನಾಗಿಯೇ ತಗ್ಗುತ್ತದೆ.

ಖಾರ್ಮ್ಸ್ ಮೊದಲು ಕವಿ. ಅರ್ಥದಾಚೆಯ ನುಡಿ ಎಂದು ರಷ್ಯಾದ ಭವಿಷ್ಯವಾದಿ (ಫ್ಯೂಚರಿಸ್ಟ್) ಕವಿಗಳು ಕರೆದ ಪ್ರಯೋಗದಿಂದ ಅವನು ಬರವಣಿಗೆ ಶುರುಮಾಡಿದ. ನಿಘಂಟಿನಲ್ಲಿಲ್ಲದ ಪದಗಳು, ಬರೀ ಉಸಿರಿನ ಒತ್ತಡದಿಂದ ನಿಲ್ಲುವ ಸಾಲುಗಳು. ಕವಿತೆ ಹೇಗಿರಬೇಕೆಂದರೆ ಅದನ್ನೆತ್ತಿ ಕಿಟಕಿಗೆ ಎಸೆದರೆ ಗಾಜು ಒಡೆಯಬೇಕು ಎಂಬರ್ಥದ ಮಾತು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅವನಿಗೆ ಕವಿತೆ ಯಾವುದೋ ವಸ್ತುವಿನ ವರ್ಣನೆಯಾಗಿರದೆ, ತೂಕವಿರುವ ಇನ್ನೊಂದು ವಸ್ತುವೇ ಆಗಿತ್ತು. 1933ರ ಅಕ್ಟೋಬರ್‌ನಲ್ಲಿ ನಟಿ ಕ್ಲಾವ್ದಿಯಾ ಪುಗಚೋವಾಗೆ ಬರೆದ ಪತ್ರದಲ್ಲಿ ಈ ವಿಚಾರ ತುಂಬ ಚೆಲುವಾಗಿ ಬೆಳೆಯುತ್ತದೆ. ಚಮ್ಮಾರನೊಬ್ಬ ಹೊಲಿಯುವ ಬೂಟಿನ ಉದಾಹರಣೆಯನ್ನು ಅಲ್ಲಿ ಕೊಡುತ್ತಾನೆ. ಬೂಟು ಗಟ್ಟಿಯಾಗಿ, ನೋಡಲು ಚೆನ್ನಾಗಿ ಇದ್ದರೆ ಸಾಲದು. ಇಡೀ ಜಗತ್ತಿನಲ್ಲಿರುವ ಕ್ರಮವೇ ಅದರಲ್ಲೂ ಇರಬೇಕು, ಚರ್ಮ ಮತ್ತು ಮೊಳೆಗಳ ಸೋಂಕಿನಿಂದ ಜಗತ್ತಿನ ಕ್ರಮಕ್ಕೆ ಕುಂದು ಬರಬಾರದು. ಈ ಗುಣವನ್ನು ಅವನು ಕ್ರಮದ ಶುದ್ಧಿ ಎಂದು ಕರೆಯುತ್ತಾನೆ. ಅದು ಸೂರ್ಯನಲ್ಲಿ, ಹುಲ್ಲಿನಲ್ಲಿ, ಮನುಷ್ಯನಲ್ಲಿ, ಕವಿತೆಯಲ್ಲಿ ಒಂದೇ ಆಗಿರುತ್ತದೆ. ಈ ಪತ್ರವನ್ನು ಓದಿದ ಮೇಲೆ ಕೆಂಪು ಕೂದಲಿನವನ ಕಥೆಗೆ ಮರಳಿದರೆ, ಅಲ್ಲಿ ಅಂಗಗಳನ್ನು ಒಂದೊಂದಾಗಿ ತೆಗೆಯುವ ಕೈ ಚಮ್ಮಾರನ ಕೈಯಷ್ಟೇ ಎಚ್ಚರದಿಂದ ಕೆಲಸಮಾಡಿದೆ ಎಂಬುದು ಕಾಣುತ್ತದೆ. ನಾಲ್ಕು ವರ್ಷಗಳ ಬಳಿಕ, ಬದುಕು ತೀರಾ ಬಿಗಡಾಯಿಸಿದ್ದಾಗ, ತನ್ನ ದಿನಚರಿಯಲ್ಲಿ ಅವನು ತನಗೆ ಅರ್ಥಹೀನದಲ್ಲಿ, ಯಾವ ಪ್ರಾಯೋಗಿಕ ಉಪಯೋಗವೂ ಇಲ್ಲದ್ದರಲ್ಲಿ ಮಾತ್ರ ಆಸಕ್ತಿ ಎಂದು ಬರೆದುಕೊಂಡ. ಎರಡು ಮಾತುಗಳೂ ಒಂದೇ ನಂಬಿಕೆಯಿಂದ ಬಂದವು ಎಂದು ನಾನು ತಿಳಿದಿದ್ದೇನೆ. ಉಪಯೋಗದ ಸೋಂಕಿಲ್ಲದ ಕಡೆಯಲ್ಲೇ ಕ್ರಮ ಶುದ್ಧವಾಗಿ ಉಳಿಯುತ್ತದೆ ಎಂಬ ನಂಬಿಕೆ.

ಇಷ್ಟೆಲ್ಲ ಯೋಚಿಸಿದ ಕವಿಯ, ವಯಸ್ಕರಿಗಾಗಿ ಬರೆದ ರಚನೆಗಳಲ್ಲಿ ಜೀವಿತಕಾಲದಲ್ಲಿ ಅಚ್ಚಾದದ್ದು ಎರಡು ಕವಿತೆಗಳು ಮಾತ್ರ, 1926 ಮತ್ತು 1927ರ ಸಂಕಲನಗಳಲ್ಲಿ. ಒಬೆರಿಯು ಕೂಟದ ಪ್ರದರ್ಶನಗಳು 1930ರ ವಸಂತದಲ್ಲಿ ನಿಂತವು; ವಿದ್ಯಾರ್ಥಿನಿಲಯವೊಂದರಲ್ಲಿ ಅವರು ಕಾರ್ಯಕ್ರಮ ಕೊಟ್ಟ ಬಳಿಕ ಯುವಜನರ ಪತ್ರಿಕೆಯೊಂದು ಅವರನ್ನು ವರ್ಗಶತ್ರುಗಳೆಂದು ಜರೆಯಿತು. ಹೊಟ್ಟೆಪಾಡು ನಡೆದದ್ದು ಮಕ್ಕಳ ಸಾಹಿತ್ಯದಿಂದ. ಮಕ್ಕಳ ಕವಿ, ಸಂಪಾದಕ ಸಮುಯಿಲ್ ಮರ್ಷಾಕ್ ಈ ಹುಡುಗರನ್ನು ಗುರುತಿಸಿ ಕರೆತಂದರು, ‘ಯೋಜ್’ ಮತ್ತು ‘ಚಿಜ್’ ಎಂಬ ಮಕ್ಕಳ ಪತ್ರಿಕೆಗಳಲ್ಲಿ ಖಾರ್ಮ್ಸ್ ಬರೆಯತೊಡಗಿದ. ಎಣಿಕೆಯ ಪದ್ಯಗಳು, ಸಮೋವಾರ್‌ನಿಂದ ಮನೆಮಂದಿಯೆಲ್ಲ ಚಹಾ ಬಗ್ಗಿಸಿಕೊಳ್ಳುವ ಪದ್ಯ, ಒಂದೇ ಮಾತನ್ನು ಇಷ್ಟಿಷ್ಟೇ ತಿರುಚಿ ಮರಳಿಸುವ ಪದ್ಯಗಳು. ತನಗೆ ಮಕ್ಕಳೆಂದರೆ ಆಗದು ಎಂದು ಅವನು ಹೇಳಿಕೊಂಡಿದ್ದುಂಟು. ಆದರೂ ಮಕ್ಕಳೆದುರು ನಿಂತು ಓದಿದಾಗ ಅವರು ಅವನನ್ನು ಬಿಡುತ್ತಿರಲಿಲ್ಲವೆಂದು ಕಂಡವರು ಬರೆದಿದ್ದಾರೆ. ನನಗಿದು ವಿರೋಧಾಭಾಸವಾಗಿ ತೋರುವುದಿಲ್ಲ. ಪದವೊಂದನ್ನು ನೂರು ಸಲ ಹೇಳಿ ಅದು ಬರೀ ಸದ್ದಾಗುವುದನ್ನು ಕೇಳಿ ನಗುವ ಮಗುವಿನ ತನ್ಮಯತೆಗೂ ಒಬೆರಿಯು ಕವಿತೆಗೂ ಹೆಚ್ಚು ದೂರವಿಲ್ಲ.

1931ರ ಡಿಸೆಂಬರ್‌ನಲ್ಲಿ ಬಂಧಿಸಿದಾಗ ಹೊರಿಸಿದ ಆರೋಪವೂ ಇದೇ ಮಕ್ಕಳ ಸಾಹಿತ್ಯದ್ದು. ಸೋವಿಯತ್ ವಿರೋಧಿ ಬರಹಗಾರರ ಗುಂಪು ಕಟ್ಟಿದ್ದಾರೆ, ಅರ್ಥವಿಲ್ಲದ ಪದ್ಯಗಳಿಂದ ಸಮಾಜವಾದ ಕಟ್ಟುವ ಕೆಲಸದಿಂದ ಜನರ ಮನಸ್ಸನ್ನು ಬೇರೆಡೆಗೆ ಸೆಳೆಯುತ್ತಾರೆ ಎಂದು. 1932ರಲ್ಲಿ ಅವನನ್ನೂ ವ್ವೆದೆನ್‌ಸ್ಕಿಯನ್ನೂ ಕುರ್ಸ್ಕ್‌ಗೆ ಗಡಿಪಾರು ಮಾಡಿದರು, ವರ್ಷ ಮುಗಿಯುವುದರೊಳಗೆ ಖಾರ್ಮ್ಸ್ ಮರಳಿದ. 1937ರಲ್ಲಿ ‘ಚಿಜ್’ ಪತ್ರಿಕೆ ಅವನ ಒಂದು ಮಕ್ಕಳ ಪದ್ಯವನ್ನು ಪ್ರಕಟಿಸಿತು. ಕೋಲು ಮತ್ತು ಚೀಲ ಹಿಡಿದ ಒಬ್ಬ ಮನುಷ್ಯ ಮನೆಯಿಂದ ಹೊರಟು ದೂರದ ದಾರಿಯಲ್ಲಿ ನಡೆಯುತ್ತಾನೆ. ನಿದ್ದೆ ಮಾಡುವುದಿಲ್ಲ, ನೀರು ಕುಡಿಯುವುದಿಲ್ಲ, ಉಣ್ಣುವುದಿಲ್ಲ. ಒಂದು ಬೆಳಗಿನ ಜಾವ ಕತ್ತಲ ಕಾಡನ್ನು ಹೊಕ್ಕು ಕಾಣೆಯಾಗುತ್ತಾನೆ. ಅವನೆಲ್ಲಾದರೂ ಸಿಕ್ಕರೆ ಬೇಗ ನಮಗೆ ತಿಳಿಸಿ. ಇದಾದ ಮೇಲೆ ಸುಮಾರು ಒಂದು ವರ್ಷ ಅವನ ಬರಹಗಳನ್ನು ಯಾರೂ ಅಚ್ಚುಹಾಕಲಿಲ್ಲ. ತನ್ನ ಪದ್ಯವೊಂದನ್ನು ನೆಪಮಾಡಿ ತನ್ನನ್ನು ಕಾಡತೊಡಗಿದ್ದಾರೆ, ಇನ್ನು ಹಸಿವೇ ಗತಿ ಎಂದು ಆ ವರ್ಷದ ಜೂನ್‌ನಲ್ಲಿ ದಿನಚರಿಯಲ್ಲಿ ಬರೆದ. ಅದೇ ವರ್ಷದ ನವೆಂಬರ್‌ನಲ್ಲಿ ಗೆಳೆಯ ಕವಿ ನಿಕೊಲಾಯ್ ಒಲೆಯ್ನಿಕೋವ್‌ನನ್ನು ಗುಂಡಿಕ್ಕಿ ಕೊಂದರು, ಮರುವರ್ಷ ಜಬೊಲೋತ್‌ಸ್ಕಿಯ ಬಂಧನವಾಯಿತು. ‘ಎಲಿಜವೆತಾ ಬಾಮ್’ ಬಗ್ಗೆ ನಾನು ಮೇಲೆ ಹೂಡಿದ ವಾದ ಈ ಪದ್ಯದೆದುರು ನಿಲ್ಲುವುದಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅದರ ಲಯ ಮಕ್ಕಳ ಕುಣಿತದ್ದೇ, ಅದರ ಕರೆಯೂ ಆಟದ್ದೇ; ಆದರೂ 1937 ಎಂಬ ಅಂಕಿಯನ್ನು ಪಕ್ಕಕ್ಕಿಟ್ಟು ಅದನ್ನು ಓದಲು ನನ್ನಿಂದ ಆಗಿಲ್ಲ.

‘ಸ್ಲುಚಾಯಿ’ ಎಂಬ ಅವನ ಗದ್ಯಮಾಲೆಯ ಹೆಸರನ್ನು ‘ಘಟನೆಗಳು’ ಎನ್ನಬಹುದು, ‘ಆಕಸ್ಮಿಕಗಳು’ ಎಂದೂ ಅನ್ನಬಹುದು. ‘ಸಂಗತಿಗಳು’ ಎಂಬುದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅಸಂಗತದ ಒಳಗೇ ಆ ಪದ ಅಡಗಿದೆ. 1933ರಿಂದ 1939ರವರೆಗೆ ಬರೆದ 30 ತುಣುಕುಗಳು ಅದರಲ್ಲಿವೆ. ಕೆಂಪು ಕೂದಲಿನವನದು ಮೊದಲನೆಯದು. ಮೂರನೆಯದರಲ್ಲಿ ಮುದುಕಿಯೊಬ್ಬಳು ಅತಿಯಾದ ಕುತೂಹಲದಿಂದ ಕಿಟಕಿಯಿಂದ ಹೊರಬಿದ್ದು ನುಚ್ಚುನೂರಾಗುತ್ತಾಳೆ. ಅವಳನ್ನು ನೋಡಲು ಇನ್ನೊಬ್ಬ ಮುದುಕಿ ಬಾಗುತ್ತಾಳೆ, ಅತಿಯಾದ ಕುತೂಹಲದಿಂದ ಅವಳೂ ಬೀಳುತ್ತಾಳೆ. ಹೀಗೆ ಮೂರನೆಯವಳು, ನಾಲ್ಕನೆಯವಳು, ಐದನೆಯವಳು. ಆರನೆಯವಳು ಬಿದ್ದಾಗ ನಿರೂಪಕನಿಗೆ ನೋಡಿ ನೋಡಿ ಬೇಸರವಾಗಿ, ಕುರುಡನೊಬ್ಬನಿಗೆ ಯಾರೋ ಹೆಣೆದ ಶಾಲನ್ನು ಕೊಟ್ಟರಂತೆ ಎಂಬ ಸುದ್ದಿ ಕೇಳಿ ಮಾಲ್ತ್ಸೆವ್ ಮಾರುಕಟ್ಟೆಯ ಕಡೆ ಹೋಗುತ್ತಾನೆ. ಇಲ್ಲಿ ಕಾರಣ ಕಾಣೆಯಾಗಿಲ್ಲವೆಂಬುದನ್ನು ಗಮನಿಸಬೇಕು. ಮೊದಲ ಎರಡು ಬೀಳುವಿಕೆಗಳಿಗೂ ‘ಅತಿಯಾದ ಕುತೂಹಲ’ವೆಂಬ ಕಾರಣವನ್ನು ತಪ್ಪದೆ ಕೊಡಲಾಗಿದೆ. ಮೊದಲ ಸಲ ಅದು ವಿವರಣೆ; ಎರಡನೆಯ ಸಲ ಅನುಮಾನ; ಆಮೇಲೆ ನಾವೂ ಅದೇ ಕುತೂಹಲದಿಂದ ಮುಂದಿನ ಮುದುಕಿಗಾಗಿ ಕಿಟಕಿಯತ್ತ ಬಾಗಿದ್ದೇವೆಂದು ಅರಿವಾಗುತ್ತದೆ.

ಕನ್ನಡದ ಸ್ವಭಾವ ಇಲ್ಲಿ ಮತ್ತೆ ಅಡ್ಡಬರುತ್ತದೆ. ನಮ್ಮ ಗದ್ಯ ಕೃದಂತಾವ್ಯಯಗಳ ಸರಪಳಿಯಲ್ಲಿ ಹರಿಯುತ್ತದೆ. ‘ಬಾಗಿ, ಜಾರಿ, ಬಿದ್ದು, ಸತ್ತಳು’ ಎಂದೊಡನೆ ಒಂದರಿಂದ ಇನ್ನೊಂದು ಹುಟ್ಟಿತೆಂಬ ಭಾವ ಕೇಳದೆಯೇ ಬಂದುಬಿಡುತ್ತದೆ. ಇಕಾರ ಉಕಾರಗಳಲ್ಲೇ ನಮಗೆ ಕಾರ್ಯಕಾರಣ ಸಂಬಂಧ ಸಿಗುತ್ತದೆ. ಖಾರ್ಮ್ಸ್‌ಗೆ ಬೇಕಾದದ್ದು ಪೂರ್ಣ ಕ್ರಿಯಾಪದಗಳು. ಬಾಗಿದಳು. ಬಿದ್ದಳು. ಚೂರಾದಳು. ಒಂದೊಂದೂ ತನ್ನ ಪಾಡಿಗೆ ನಿಂತಿರಬೇಕು, ನಡುವಿನ ಖಾಲಿಯನ್ನು ಓದುಗ ತುಂಬಲು ಹೋಗಿ ಎಡವಬೇಕು. ಹಾಗೆ ಮುರಿದು ಬರೆದಾಗ ಅದು ಚೆನ್ನಾದ ಕನ್ನಡವಾಗಿ ಕೇಳುವುದಿಲ್ಲ, ಬಾಲಪಾಠದ ಕನ್ನಡವಾಗಿ ಕೇಳುತ್ತದೆ. ಬಹುಕಾಲ ತಿದ್ದಿದ ಮೇಲೆ ಆ ಬಾಲಪಾಠದ ಧ್ವನಿಯನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿದೆ. ‘ಸಾನೆಟ್’ ಎಂಬ ಹೆಸರಿನ ಗದ್ಯತುಣುಕಿಗೆ ಅದು ಹೇಳಿ ಮಾಡಿಸಿದಂತಿದೆ. ಏಳು ಮೊದಲೋ ಎಂಟು ಮೊದಲೋ ಎಂಬುದು ನಿರೂಪಕನಿಗೆ ಮರೆತುಹೋಗುತ್ತದೆ, ನೆರೆಹೊರೆಯವರಿಗೂ ಮರೆತಿದೆ. ಅಂಗಡಿಯ ಕ್ಯಾಷಿಯರ್ ಹೆಂಗಸನ್ನು ಕೇಳಿದರೆ ಅವಳು ಬಾಯಿಂದ ಸುತ್ತಿಗೆಯೊಂದನ್ನು ಹೊರತೆಗೆದು, ಎಂಟು ಏಳರ ನಂತರ ಬರುವ ಸಂದರ್ಭದಲ್ಲಿ ಏಳು ಎಂಟರ ನಂತರ ಬರುತ್ತದೆ ಎನ್ನುತ್ತಾಳೆ. ಕೊನೆಗೆ ಎಲ್ಲರೂ ಬೇಸಿಗೆ ಉದ್ಯಾನಕ್ಕೆ ಹೋಗಿ ಮರಗಳನ್ನು ಎಣಿಸುತ್ತಾರೆ, ಆರರವರೆಗೆ ಬಂದು ಜಗಳವಾಡುತ್ತಾರೆ. ಅಷ್ಟರಲ್ಲಿ ಮಗುವೊಂದು ಬೆಂಚಿನಿಂದ ಬಿದ್ದು ದವಡೆ ಮುರಿದುಕೊಳ್ಳುತ್ತದೆ, ವಾದ ಅಲ್ಲಿಗೆ ನಿಲ್ಲುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಎಣಿಕೆ ಕುಸಿದರೂ ಎಣಿಸುವ ಶ್ರದ್ಧೆ ಕುಸಿಯದ ಈ ಜನರನ್ನು ನಾನು ತುಂಬ ಪ್ರೀತಿಸುತ್ತೇನೆ.

ಅವನ ಅತಿ ದೀರ್ಘ ಗದ್ಯಕೃತಿಯಾದ ‘ಮುದುಕಿ’ 1939ರದ್ದು. ಮುಳ್ಳುಗಳಿಲ್ಲದ ಗಡಿಯಾರ ಹಿಡಿದ ಮುದುಕಿಯೊಬ್ಬಳು ಬರಹಗಾರನ ಕೋಣೆಗೆ ಬಂದು ಅಲ್ಲೇ ಸಾಯುತ್ತಾಳೆ. ಹೆಣವನ್ನು ಸೂಟ್‌ಕೇಸಿಗೆ ತುಂಬಿ ರೈಲು ಹತ್ತಿದರೆ ಸೂಟ್‌ಕೇಸೇ ಕಳುವಾಗುತ್ತದೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಈ ಹೆಣಕ್ಕಿಂತ ಹೆಚ್ಚಾಗಿ ಆ ಬರಹಗಾರ ಬರೆಯಬೇಕೆಂದುಕೊಂಡು ಒಂದು ಸಾಲಿನಾಚೆ ದಾಟದ ಕಥೆ. ನಮ್ಮ ಕಾಲದಲ್ಲೇ ಬದುಕಿರುವ ಪವಾಡಪುರುಷನೊಬ್ಬನ ಕಥೆ ಅದು. ಅವನಿಗೆ ಯಾವ ಪವಾಡವನ್ನು ಬೇಕಾದರೂ ಮಾಡುವ ಶಕ್ತಿಯಿದೆ, ಅದು ಅವನಿಗೆ ಗೊತ್ತೂ ಇದೆ, ಆದರೂ ಅವನು ಬದುಕಿನುದ್ದಕ್ಕೂ ಒಂದೇ ಒಂದು ಪವಾಡವನ್ನೂ ಮಾಡುವುದಿಲ್ಲ. ಮನೆಯಿಂದ ಹೊರಹಾಕಿದಾಗ ಬೆರಳಾಡಿಸಿ ಉಳಿಸಿಕೊಳ್ಳಬಹುದಾದ ಮನೆಯನ್ನು ಬಿಟ್ಟು ಹೊರಡುತ್ತಾನೆ. ಖಾರ್ಮ್ಸ್‌ಗೆ ಪವಾಡಗಳಲ್ಲಿ ನಿಜವಾದ ನಂಬಿಕೆಯಿತ್ತು, ಅವನ ದಿನಚರಿಗಳಲ್ಲಿ ಪ್ರಾರ್ಥನೆಗಳಿವೆ. ಈ ಕಥೆಯ ಕೊನೆಯಲ್ಲೂ ನಿರೂಪಕ ಕಂಬಳಿಹುಳುವೊಂದರ ಎದುರು ಮೊಣಕಾಲೂರಿ ಪ್ರಾರ್ಥಿಸುತ್ತಾನೆ. ಅಸಂಗತವೆಂದರೆ ದೇವರಿಲ್ಲದ ಜಗತ್ತಿನ ಬರಹ ಎಂಬ ಸಿದ್ಧ ವಿವರಣೆ ಇಲ್ಲಿ ಹೊಂದುವುದಿಲ್ಲ. ಅವನ ಜಗತ್ತಿನಲ್ಲಿ ಪವಾಡಕ್ಕೆ ಶಕ್ತಿಯಿದೆ. ಅದು ಬರುವುದಿಲ್ಲ, ಅಷ್ಟೇ.

1941ರ ಜೂನ್‌ನಲ್ಲಿ ಜರ್ಮನಿ ದಾಳಿಮಾಡಿತು. ಆಗಸ್ಟ್ 23ರಂದು, ಸೋಲಿನ ಮಾತುಗಳನ್ನು ಹಬ್ಬಿಸುತ್ತಿದ್ದಾನೆಂಬ ಆರೋಪದ ಮೇಲೆ ಖಾರ್ಮ್ಸ್‌ನನ್ನು ಎರಡನೆಯ ಬಾರಿ ಬಂಧಿಸಿದರು. ಎರಡು ವಾರಗಳಲ್ಲಿ ಲೆನಿನ್‌ಗ್ರಾದ್‌ಗೆ ಮುತ್ತಿಗೆ ಬಿತ್ತು. ಆ ಮುತ್ತಿಗೆಯ ಮೊದಲ ಚಳಿಗಾಲದಲ್ಲಿ, 1942ರ ಫೆಬ್ರವರಿ 2ರಂದು, ಸೆರೆಮನೆಯ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಅವನು ತೀರಿಕೊಂಡ. ವಯಸ್ಸು 36. ವ್ವೆದೆನ್‌ಸ್ಕಿ ಅದಕ್ಕೂ ಮೊದಲೇ, ಬಂಧಿತರನ್ನು ಸಾಗಿಸುವಾಗ ಸತ್ತಿದ್ದ. ಬಾಂಬಿನಿಂದ ಜಖಂಗೊಂಡ ಮನೆಯಲ್ಲಿ ಉಳಿದಿದ್ದ ಕಾಗದಪತ್ರಗಳನ್ನು ಹೆಂಡತಿ ಮರೀನಾ ಮಾಲಿಚ್ ಗೆಳೆಯ ಯಾಕವ್ ದ್ರುಸ್ಕಿನ್‌ನ ಕೈಗಿತ್ತಳು. ದಾರ್ಶನಿಕನೂ ಸಂಗೀತ ಬಲ್ಲವನೂ ಆಗಿದ್ದ ದ್ರುಸ್ಕಿನ್, ತಾನೇ ಹಸಿವಿನಿಂದ ಬಳಲುತ್ತಿದ್ದರೂ, ಅವನ್ನು ಸೂಟ್‌ಕೇಸೊಂದರಲ್ಲಿ ತುಂಬಿಕೊಂಡು ಹೋಗಿ ಕಾಪಾಡಿದ. ಗೆಳೆಯರು ಒಂದಲ್ಲ ಒಂದು ದಿನ ಮರಳಿ ಬಂದಾರೆಂಬ ಆಸೆಯಿಂದ ಎಷ್ಟೋ ವರ್ಷಗಳ ಕಾಲ ಅದನ್ನು ಮುಟ್ಟದೆ ಇಟ್ಟಿದ್ದ. 1960ರಲ್ಲಿ ಸರಕಾರ ಖಾರ್ಮ್ಸ್‌ನನ್ನು ನಿರಪರಾಧಿಯೆಂದು ಘೋಷಿಸಿತು. ಕೃತಿಶ್ರೇಣಿ ಮೊದಲು ಬಂದದ್ದು 1978ರಿಂದ, ಜರ್ಮನಿಯ ಬ್ರೆಮೆನ್‌ನಲ್ಲಿ. ಸ್ವಂತ ನಾಡಿನ ವಯಸ್ಕ ಓದುಗರ ಕೈಗೆ ದೊಡ್ಡ ಸಂಪುಟವೊಂದು ಸೇರಿದ್ದು 1988ರಲ್ಲಿ.

ಆ ಸೂಟ್‌ಕೇಸಿನಲ್ಲಿದ್ದ ಕಾಗದಗಳ ನಡುವೆ ‘ಸಂಗತಿಗಳು’ ಬಿಡಿಬಿಡಿ ಚೀಟಿಗಳಾಗಿ ಇರಲಿಲ್ಲ. ಅಚ್ಚಾಗುವ ಯಾವ ಭರವಸೆಯೂ ಇಲ್ಲದ ಕಾಲದಲ್ಲಿ ಖಾರ್ಮ್ಸ್ ಅವುಗಳನ್ನು ಆಯ್ದು, ಯಾವುದರ ನಂತರ ಯಾವುದು ಬರಬೇಕೆಂದು ಗೊತ್ತುಮಾಡಿ, ಮರೀನಾಳಿಗೆ ಅರ್ಪಿಸಿ, ನೋಟ್‌ಬುಕ್ಕೊಂದರಲ್ಲಿ ಪ್ರತಿಮಾಡಿ ಇಟ್ಟಿದ್ದ. ಮಾತನಾಡದಿರುವುದೇ ಲೇಸೆಂದು ಮುಗಿಯುವ ಮನುಷ್ಯನ ಕಥೆಗೆ ಅದರಲ್ಲಿ ಮೊದಲ ಸಂಖ್ಯೆ ಕೊಟ್ಟಿದ್ದಾನೆ. ಅದರ ನಂತರ ಇನ್ನೂ 29 ತುಣುಕುಗಳಿವೆ.